ಎರಡೂವರೆ ದಾಟಿದರೆ

ಅವ್ವನ ರಕ್ತದಲ್ಲಿ ಅಲ್ಬುಮಿನ್ ಎರಡಕ್ಕೆ ಇಳಿದಿದೆ ಎಂದು ಡಾಕ್ಟರ್ ವಿಕ್ರಾಂತ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಎಷ್ಟಿರಬೇಕ್ರಿ?"

"ಮೂರೂವರೆ ಮ್ಯಾಲ. ಮ್ಹಣಜೆ, ಅದು ರಕ್ತದೊಳಗಿನ ಪ್ರೋಟೀನ್. ಸೆಪ್ಸಿಸ್ ಆದವರಿಗೆ ಇದು ಇಷ್ಟು ಇಳೀತಂದ್ರ ಔಟ್‌ಕಮ್ ಬಗ್ಗೆ ಜರಾ ಚಿಂತಿ ಮಾಡಬೇಕಾಗ್ತದ."

ಡಾಕ್ಟರು ನಿಪ್ಪಾಣಿಯವರು. 'ಮ್ಹಣಜೆ' ಎಂಬ ಮರಾಠಿಯ 'ಅಂದರೆ'ಯನ್ನು ಒಮ್ಮೆ ಒದೆಯದಿದ್ದರೆ ಅವರ ಕನ್ನಡ ಸ್ಟಾರ್ಟ್ ಆಗುವುದಿಲ್ಲ. ಅವರು ಮುಂದಿನ ಹಾಸಿಗೆಗೆ ಹೋದದ್ದೇ ಅಪ್ಪ ನನ್ನ ತೋಳು ಜಗ್ಗಿದ.

"ಔಟ್‌ಕಮ್ ಅಂದ್ರ ಏನಲೇ ಅಮ್ಯಾ?"

"ಔಟೂ ಆಗಬಾರ್ದು, ಕಮ್ಮೀನೂ ಆಗಬಾರ್ದು ಅಂತ."

"ನಿಮ್ಮವ್ವ ಅಲ್ಲಿ ಬಿದ್ದಾಳ. ನಿಂಗ ಮಸ್ಕಿರಿ."

ಮಸ್ಕಿರಿ ಬಿಟ್ಟರೆ ಬೇರೆ ಭಾಷೆ ಈ ಅಮೋಲನಿಗೆ ಬರುವುದಿಲ್ಲ ಎಂಬುದು ನಮ್ಮ ಮನೆಯವರ ತೀರ್ಮಾನ. ನಾನು ಅಥಣಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದೆ. ಹೆಸರು ಮಾಡಿದ್ದು ಮಾತ್ರ ಕಾಲೇಜಿನ ಗ್ಯಾದರಿಂಗಿನಲ್ಲಿ, ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಸಿಕ್ಕವರ ದನಿಯನ್ನೆಲ್ಲ ತೆಗೆದು. ಆಮೇಲೆ ಅದು ಚಟವಾಯಿತು. ಯಾರಾದರೂ ಏನಾದರೂ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಕಾದರೆ ಹೇಳಿದವರ ದನಿಯೇ ನನ್ನ ಬಾಯಿಗೆ ಬಂದು ಕೂರುತ್ತದೆ. ಮಾತು ಅವರದು, ಮೂಗು ಅವರದು, ಕೆಮ್ಮೂ ಅವರದೇ.

ಇಷ್ಟಕ್ಕೆಲ್ಲ ಕಾರಣ ಒಂದು ತಂತಿ. ದ್ರಾಕ್ಷಿ ಬಳ್ಳಿ ಹಬ್ಬಿಸುವ ಚಪ್ಪರದ ತುಕ್ಕು ತಂತಿ ಅವ್ವನ ಕಾಲಿಗೆ ಚುಚ್ಚಿತ್ತು. ಅವ್ವ, ಅಂದರೆ ಶಿವಗಂಗವ್ವ, ಅದಕ್ಕೆ ಅರಿಶಿನ ಮೆತ್ತಿ, "ಏನಾಗಂಗಿಲ್ಲ ಬಿಡು" ಎಂದು ಕರೋಶಿಯಲ್ಲಿರುವ ತಂಗಿಯ ಮನೆಗೆ ಹೊರಟುಹೋದಳು. ಅಲ್ಲಿ ಚಳಿಜ್ವರ ಬಂತು, ಮಾತು ತಪ್ಪಿತು. ಕಾಗವಾಡದ ಕಡೆಯ ನಾವು ಮೈಗೆ ಏನಾದರೂ ಆದರೆ ಮಿರಜಕ್ಕೆ ಓಡುವವರು. ಆದರೆ ಕರೋಶಿಯಿಂದ ಹತ್ತಿರದ್ದು ಚಿಕ್ಕೋಡಿ. ಅಲ್ಲಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುಗೆ ಹಾಕಿದೆವು. ಕಾಲಿನ ನಂಜು ರಕ್ತಕ್ಕೇರಿತ್ತು. ಬಿ.ಪಿ. ನಿಲ್ಲಿಸಲು ಔಷಧಿ, ಉಸಿರಿಗೆ ಯಂತ್ರ, ಎಲ್ಲ ಆದವು. ಈಗ ಯಂತ್ರ ತೆಗೆದಿದ್ದರು, ಜ್ವರ ಇಳಿದಿತ್ತು, ಅವ್ವ ಕಣ್ಣು ಬಿಟ್ಟು ಎಲ್ಲರಿಗೂ ಸಣ್ಣ ದನಿಯಲ್ಲಿ ಬೈಯುತ್ತಿದ್ದಳು. ಉಳಿದದ್ದು ಈ ಅಲ್ಬುಮಿನ್ ಒಂದೇ.

ಪ್ರೋಟೀನ್ ಕಡಿಮೆ ಎಂಬ ಸುದ್ದಿ ಊರಿಗೆ ಮುಟ್ಟಿದ್ದೇ ತಡ, ಆಸ್ಪತ್ರೆಯ ಕಟ್ಟೆಯ ಮೇಲೆ ಬುತ್ತಿಗಳ ಸಾಲು ನಿಂತಿತು. ಶೇಂಗಾ ಉಂಡೆ, ಮಡಕಿ ಕಾಳಿನ ಉಸಳಿ, ಹುರಳಿ ಕಟ್ಟು. ಪಕ್ಕದ ತೋಟದ ತವನಪ್ಪ ಕಾಕಾ ಪುಡಿಯ ಡಬ್ಬಿಯೊಂದನ್ನು ತಂದು, "ಜಿಮ್ಮಿಗೆ ಹೋಗೂ ಹುಡುಗರು ಇದನ್ನಽ ತಿಂತಾರ, ವೈನಿಗೂ ಕೊಡ್ರಿ, ಎದ್ದು ಓಡ್ತಾಳ" ಎಂದ. ಡಬ್ಬಿಯ ಮೇಲೆ ತೋಳು ಉಬ್ಬಿಸಿದ ಗಂಡಸಿನ ಚಿತ್ರವಿತ್ತು. ಅವ್ವ ಅದನ್ನು ನೋಡಿ ಮುಖ ಆಚೆ ತಿರುವಿದಳು.

ಮಾರನೆಯ ದಿನ ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಫುಪ್ಪುಸದಲ್ಲಿ ಸ್ವಲ್ಪ ನೀರು ನಿಲ್ಲುತ್ತಿದೆ ಎಂದು ಸಲೈನ್ ಕಡಿಮೆ ಮಾಡಿದರು. "ಇನ್ ಮ್ಯಾಲ ಬಾಯಿಲೆ ಕೊಡ್ರಿ. ನೀರು, ಗಂಜಿ, ಹಣ್ಣಿನ ರಸ. ತಾಸಿಗೊಮ್ಮೆ ಕುಡಿಸಬೇಕು." ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಆ ಮಾತನ್ನು ಅವರು ಹೇಳದಿದ್ದರೆ ಚೆನ್ನಾಗಿತ್ತು. "ಉಳಿದದ್ದೆಲ್ಲಾ ಚಲೋ ಐತಿ. ಅಲ್ಬುಮಿನ್ ಎರಡೂವರೆ ದಾಟಿದ್ರ ವಾರ್ಡಿಗೆ ಹಾಕೂಣು."

ಅಪ್ಪನ ಕಣ್ಣು ಅಗಲವಾದವು. ಅಪ್ಪ ಬಾಬಾಸಾಹೇಬ ಜಗತ್ತಿನಲ್ಲಿ ನಂಬುವುದು ಅಂಕಿಯನ್ನು. ದ್ರಾಕ್ಷಿ ಹಣ್ಣು ಸಿಹಿಯಾಗಿದೆ ಎಂದು ನಾಲಿಗೆ ಹೇಳಿದರೆ ಸಾಲದು. ಒಂದು ಹನಿ ರಸವನ್ನು ಮೀಟರಿನ ಗಾಜಿಗೆ ಹಚ್ಚಿ, ಕಣ್ಣಿಗೆ ಹಿಡಿದು, ಸಕ್ಕರೆಯ ಗೆರೆ ಎಲ್ಲಿ ನಿಂತಿದೆ ಎಂದು ನೋಡಬೇಕು. ಗೆರೆ ಏರಿಸುವುದೂ ಅವನಿಗೆ ಗೊತ್ತು. ಕೊಯ್ಲು ಹತ್ತಿರ ಬಂದಾಗ ತೋಟಕ್ಕೆ ನೀರು ನಿಲ್ಲಿಸುತ್ತಾರೆ. ಅದಕ್ಕೆ 'ನೀರು ಕಟ್' ಎನ್ನುತ್ತಾರೆ. ನೀರು ಕುಡಿದು ಉಬ್ಬಿದ ಹಣ್ಣು ಆಗ ಬಿಗಿಯಾಗಿ ಸಕ್ಕರೆ ಮೇಲೇರುತ್ತದೆ. ಯಾವ ದಿನ ಕಟ್ ಮಾಡಬೇಕು ಎಂದು ಕೇಳಲು ಸುತ್ತಲಿನ ತೋಟದವರೆಲ್ಲ ಅಪ್ಪನ ಹತ್ತಿರ ಬರುತ್ತಾರೆ. ಫೆಬ್ರುವರಿ ತಿಂಗಳು. ಊರಲ್ಲಿ ನಮ್ಮ ತೋಟಕ್ಕೂ ಆಗ ನೀರು ಕಟ್ ಆಗಿತ್ತು.

ಒಬ್ಬ ಸಿಸ್ಟರಿಗೆ ಆರು ಹಾಸಿಗೆ. ಹಾಗಾಗಿ ನೀರು ಕುಡಿಸುವ ಕೆಲಸ ಮನೆಯವರದು. ಅಪ್ಪ ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ತಾಸಿಗೊಮ್ಮೆ ಕೈಕಾಲು ತೊಳೆದು ಒಳಗೆ ಹೋಗುವುದು, ಹೊರಬಂದು ಸಿಸ್ಟರ್ ನೀಲಮಳಿಗೆ "ಕುಡಿಸಿದ್ನಿರಿ" ಎನ್ನುವುದು. ಸಂಜೆಯವರೆಗೆ ನಾನು ಇದನ್ನು ನೋಡಿ, ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವ್ವನಿಗೆ ಒಂದು ಲೋಟ ಚಹಾ ಕೊಡದ ಮನುಷ್ಯ ಹೇಗೆ ಬದಲಾದ ಎಂದು ಒಳಗೊಳಗೇ ಕರಗಿದೆ. ಮರುದಿನ ಬೆಳಿಗ್ಗೆ ಗಾಜಿನಾಚೆಯಿಂದ ಕಂಡಿತು: ಅಪ್ಪ ತುಂಬಿದ ಲೋಟವನ್ನು ಅವ್ವನ ತುಟಿಯ ಹತ್ತಿರ ಒಯ್ದ, ಅತ್ತಿತ್ತ ನೋಡಿದ, ಹೋಗಿ ಬೇಸಿನ್ನಿಗೆ ಸುರುವಿದ.

ವರಾಂಡದಲ್ಲಿ ಹಿಡಿದೆ. "ಅಪ್ಪಾ, ನೀರು ಯಾಕ ಚೆಲ್ಲಿದಿ?"

"ಸಾವಕಾಶ ಮಾತಾಡು."

"ಯಾಕ ಚೆಲ್ಲಿದಿ?"

"ಆಕಿ ಕೈ ನೋಡೀ ಏನು? ಕಾಲು ನೋಡೀ ಏನು? ಬಟ್ಟಿಟ್ಟು ಒತ್ತಿದ್ರ ಕುಣಿ ಬೀಳತೈತಿ. ಪೂರಾ ನೀರು ತುಂಬೇತಿ. ನೀರು ಹೆಚ್ಚಾದ ಹಣ್ಣಿನ್ಯಾಗ ಅಂಕಿ ಏರೂದು ಎಲ್ಲಿ ಕಂಡೀಯಪಾ?"

"ಅವ್ವ ಹಣ್ಣಲ್ಲ."

"ಡಾಕ್ಟರ ಸಲೈನ್ ಕಮ್ಮಿ ಮಾಡಿಲ್ಲೇನು? ಯಾಕ ಮಾಡ್ಯಾನ? ಅವಗೂ ಗೊತ್ತೈತಿ. ಕಲಿತಾವರು ಎಲ್ಲಾ ಬಾಯಿಬಿಟ್ಟು ಹೇಳಂಗಿಲ್ಲ."

ಈ ಬಾವಿನ ವಿಷಯವನ್ನು ಮೊದಲೇ ಡಾಕ್ಟರಿಗೆ ಕೇಳಿದ್ದೆ, ಅವರು ಬಿಡಿಸಿ ಹೇಳಿದ್ದರು. ಅದನ್ನೇ ಅಪ್ಪನಿಗೆ ಹೇಳಲು ಬಾಯಿ ತೆರೆದೆ. ಹಾಳಾದ್ದು, ಬಂದದ್ದು ಅವರದೇ ದನಿ. "ಮ್ಹಣಜೆ, ಅಲ್ಬುಮಿನ್ ರಕ್ತನಾಳದೊಳಗ ನೀರು ಹಿಡಿದಿಡ್ತದ. ಅದು ಇಳೀತಂದ್ರ ನೀರು ನಾಳ ಬಿಟ್ಟು ಮೈಯಾಗ ಸೋರ್ತದ. ಮ್ಹಣಜೆ, ಹೊರಗ ಬಾವು, ಒಳಗ ಬರ..."

ಬೆಂಚಿನ ಮೇಲೆ ಕೂತಿದ್ದ ಬೇರೆ ರೋಗಿಯ ಕಡೆಯವರು ಕಿಸಕ್ಕನೆ ನಕ್ಕರು. ಅಪ್ಪ ನನ್ನ ಮುಖ ನೋಡಿದ.

"ನೀ ಮೊದ್ಲ ಯಾರ ಬಾಯಿಲೆ ಮಾತಾಡಾಕತ್ತಿ, ಅದನ್ನ ಹೇಳು."

"ನೀರು ಕಟ್ ಮಾಡಿದ್ರ ಕಿಡ್ನಿ ಹೋಗ್ತಾವಪಾ."

"ಇದು ಯಾರ ದನಿ?"

"ನಂದು."

"ಅಂತಾದ್ದೊಂದು ಐತೇನು?" ಎಂದು ಅಪ್ಪ ಚಹಾ ಕುಡಿಯಲು ಹೋದ.

ನಾನೇ ಕುಡಿಸುತ್ತೇನೆಂದು ಲೋಟ ಹಿಡಿದು ಒಳಗೆ ಹೋದೆ. ಅವ್ವನ ತುಟಿ ಸೀಳಿತ್ತು. ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತು. ಚಮಚ ಹತ್ತಿರ ಒಯ್ದರೆ ಬಾಯಿ ಬಿಗಿದುಕೊಂಡಳು.

"ಅವ್ವಾ, ನೀರಡಿಕಿ ಆಗಿಲ್ಲೇನು?"

"ಆಗೇತಿ."

"ಮತ್ತ ಕುಡಿ."

"ನಿಮ್ಮಪ್ಪ ಅಂಕಿ ಏರೂಮಟಾ ತಡಿ ಅಂದಾರ. ನಾನೂ ತ್ವಾಟದಾಗಽ ದುಡದಾಕಿ, ನಂಗೇನು ಗೊತ್ತಿಲ್ಲೇನು? ಎರಡು ದಿನದ ಮಾತು. ಈ ಟುಯ್ ಟುಯ್ ಮಿಷನ್ ನಡುವ ಇನ್ನೊಂದು ದಿನಾ ಇದ್ರ ನಾ ಹುಚ್ಚಿ ಆಗ್ತೀನಿ. ಮೊನ್ನಿ ರಾತ್ರಿ ಪಕ್ಕದ ಹಾಸಿಗಿ ಮ್ಯಾಲ ಇದ್ದಾಕಿ ಹೆಂಗ ಹ್ವಾದ್ಲು, ನಾ ಕಣ್ಣಾರೆ ನೋಡೀನಿ. ನನ್ನ ವಾರ್ಡಿಗೆ ಹಾಕಸ್ರಿ."

ಅವಳಿಗೆ ಐಸಿಯುವೆಂದರೆ ಸಾವಿನ ಸರದಿ. ಎರಡೂವರೆ ಎಂದರೆ ಅದರಿಂದ ಹೊರಬೀಳುವ ಗೇಟು. ಗಂಡ ಬೀಗದ ಕೈ ಹಿಡಿದಿದ್ದಾನೆ. ನಾನು ನೀರು ಹಿಡಿದು ನಿಂತ ವೈರಿ.

ಸಿಸ್ಟರ್ ನೀಲಮಳಿಗೆ ಹೇಳಿದೆ. "ಸಿಸ್ಟರ್, ನಮ್ಮವ್ವ ನಿನ್ನೆಯಿಂದ ನೀರು ಕುಡದಿಲ್ರಿ. ನಮ್ಮಪ್ಪ ಸುಳ್ಳು ಹೇಳಾಕತ್ತಾರ." ಎರಡು ದಿನದ ಕೆಳಗೆ ನಾನು ಡಾಕ್ಟರರ ದನಿ ತೆಗೆದಾಗ ಹೊಟ್ಟೆ ಹಿಡಿದು ನಕ್ಕವಳು ಇವಳು. ಈಗಲೂ ನಗು ತಡೆದುಕೊಂಡು, "ಇವತ್ತು ಯಾರದ್ರಿ ಅಣ್ಣಾ? ಪೇಶಂಟ್ ಮಗನ ಪಾರ್ಟೇನು?" ಎಂದಳು. ಅಷ್ಟರಲ್ಲಿ ಆಚೆ ಹಾಸಿಗೆಯ ಯಂತ್ರ ಕೂಗಿತು, ಓಡಿದಳು. ಡಾಕ್ಟರು ಅವತ್ತಿನ ರೌಂಡ್ ಮುಗಿಸಿ ಹೋಗಿಯಾಗಿತ್ತು, ಇನ್ನು ಸಿಗುವುದು ಮರುದಿನವೇ.

ಮರುದಿನ ಬೆಳಿಗ್ಗೆ ರಕ್ತದ ರಿಪೋರ್ಟು ಬಂತು. ಅಲ್ಬುಮಿನ್ ಎರಡು ಪಾಯಿಂಟ್ ಆರು.

ಅಪ್ಪ ಕಟ್ಟೆಯ ಮೇಲಿದ್ದವರಿಗೆಲ್ಲ ಒಣದ್ರಾಕ್ಷಿ ಹಂಚಿದ. ವಾಚ್‌ಮನ್ನನಿಗೆ ಎರಡು ಹಿಡಿ ಕೊಟ್ಟ. ನನ್ನ ಮುಂದೆ ಬಂದು, ಹಂಚದೆ, ಪೊಟ್ಟಣವನ್ನು ಮಡಚಿ ಕಿಸೆಗಿಟ್ಟುಕೊಂಡ. ಡಾಕ್ಟರು ರೌಂಡಿಗೆ ಬಂದವರು ಅಂಕಿ ನೋಡಿ, "ವಾ. ಸಂಜಿಕೆ ವಾರ್ಡಿಗೆ ಹಾಕೂಣು" ಎಂದರು. ಅವ್ವ ಸೀಳಿದ ತುಟಿಯಲ್ಲೇ ನಕ್ಕಳು. ಹಾಸಿಗೆಯ ಬದಿಯಲ್ಲಿ ಮೂತ್ರದ ಚೀಲ ತೂಗುತ್ತಿತ್ತು. ಅದರ ತಳದಲ್ಲಿ ಕಡು ಚಹಾದ ಬಣ್ಣದ್ದು ಒಂದು ಗುಟುಕಿನಷ್ಟಿತ್ತು. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಕಾಗದ ನೋಡುತ್ತಿದ್ದರು.

ಡಾಕ್ಟರನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿದೆ. ಈ ಸಲ ಯಾರ ದನಿಯೂ ಬರಬಾರದೆಂದು ಹಲ್ಲು ಕಚ್ಚಿ ಮಾತಾಡಿದೆ. ಅದರಿಂದಾಗಿ ಜಗಳ ತೆಗೆದವನಂತೆ ಕೇಳಿಸಿತು.

"ಸರ್, ಅದು ಏರಿದ್ದಲ್ಲ. ನೀರು ಕಟ್ ಮಾಡ್ಯಾರ. ದ್ರಾಕ್ಷಿಗೆ ಮಾಡಿದಂಗ. ಎರಡು ದಿನ ಆತು, ನೀರು ಹೊಟ್ಟಿಗೆ ಹೋಗಿಲ್ಲ. ಬಂದು ನಾಲಿಗಿ ನೋಡ್ರಿ. ಚೀಲಾ ನೋಡ್ರಿ."

ಅವರು ಒಂದು ಕ್ಷಣ ನಿಂತು ಮರಳಿ ಮೆಟ್ಟಿಲು ಹತ್ತಿದರು. ಅವ್ವನ ನಾಲಿಗೆ ನೋಡಿದರು, ಹೊಟ್ಟೆಯ ಮೇಲಿನ ತೊಗಲನ್ನು ಚಿವುಟಿ ಬಿಟ್ಟರು. ಅದು ಕೆಳಗಿಳಿಯದೆ ಹಾಗೇ ನಿಂತಿತು. ಕಿಡ್ನಿಯ ರಕ್ತಪರೀಕ್ಷೆ ತುರ್ತಾಗಿ ಮಾಡಿಸಿದರು. ಅದು ಬಂದ ಮೇಲೆ ಐಸಿಯು ಬಾಗಿಲಲ್ಲೇ, ಎಲ್ಲರೆದುರು ಅಪ್ಪನ ಮೇಲೆ ಹರಿಹಾಯ್ದರು. "ಅಂಗೂರ ಅಲ್ರಿ ಇದು, ಮನಷಾರು. ರಕ್ತ ಗಟ್ಟಿ ಆಗಿ ಅಂಕಿ ಏರೇತಿ, ಮೈ ಸುಧಾರಿಸಿ ಅಲ್ಲ. ಕಿಡ್ನಿ ನಿಲ್ಲಾಕ ಬಂದಾವು." ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಸಲೈನ್ ಜರಾ ಏರಸ್ತೀನಿ. ಜೋರ ಬಿಟ್ರ ಫುಪ್ಪುಸದಾಗ ತುಂಬ್ತದ. ಬಾಯಿಲೆ ಕುಡೀಬೇಕು. ಮೂಗಿಗೆ ನಳಿಗಿ ಹಾಕಿದ್ರ ಆಕಿ ಒಮ್ಮೆ ಕಿತ್ತ ಒಗದಾಳ. ಸಂಜಿಮಟಾ ಮೂತ್ರ ಇಳೀಲಿಲ್ಲಂದ್ರ ಡಯಾಲಿಸಿಸ್‌ಗೆ ಮಿರಜಕ್ಕ ಕಳಸಬೇಕು. ಈ ಸ್ಥಿತಿಯೊಳಗ ಅಷ್ಟು ದೂರ, ಮ್ಹಣಜೆ..."



ಎರಡೂವರೆ ದಾಟಿದರೆ ಗೇಟು ತೆಗೆಯುತ್ತೇನೆ ಎಂದು ಹೇಳಿದ್ದು ತಾವೇ ಎಂಬುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ನೆನಪಿಸುವಷ್ಟು ಹೊತ್ತೂ ಇರಲಿಲ್ಲ. ಲೋಟ ಹಿಡಿದು ಒಳಗೆ ಓಡಿದೆ. ಅವ್ವ ಬಾಯಿ ಇನ್ನೂ ಬಿಗಿ ಹಿಡಿದಳು. ಬೈದದ್ದು ಅವಳಿಗೆ ಕೇಳಿಸಿತ್ತು.

"ಹತ್ತು ಮಂದಿ ಮುಂದ ನಿಮ್ಮಪ್ಪಗ ಬೈಸಿದಿ. ನಿನ್ನ ಕೈಲೆ ನಾ ಕುಡ್ಯಾಕಿ ಅಲ್ಲ."

"ಅವ್ವಾ, ಸಾಯ್ತೀಯಬೇ."

"ಸಂಜಿಕೆ ವಾರ್ಡಿಗೆ ಹೋಗಾಕಿ ಇದ್ದೆ. ಕೆಡಿಸಿದಿ."

ಅಪ್ಪ ಹೊರಗೆ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತಿದ್ದ. ಹೋಗಿ ಕೈ ಮುಗಿದೆ. ನೀನು ಹೇಳಿದರೆ ಮಾತ್ರ ಕುಡಿಯುತ್ತಾಳೆ, ಬಾ ಎಂದೆ. ಅವನು ರಸ್ತೆಯ ಕಡೆ ನೋಡುತ್ತಲೇ ಇದ್ದ. ರಕ್ತನಾಳ, ಉಪ್ಪು, ಕಿಡ್ನಿಯ ಜರಡಿ, ನನಗೆ ಗೊತ್ತಿದ್ದ ವಿಜ್ಞಾನವನ್ನೆಲ್ಲ ಆ ಕಲ್ಲಿನ ಮೇಲೆ ಸುರಿದೆ. ಕಲ್ಲು ಒದ್ದೆಯೂ ಆಗಲಿಲ್ಲ. ಕೊನೆಗೆ ಇಷ್ಟೇ ಅಂದ: "ಏರಿತ್ತು. ಎರಡು ಪಾಯಿಂಟ್ ಆರು. ನಾ ಏರಿಸಿದ್ದೆ."

ರಾಯಬಾಗಕ್ಕೆ ಮದುವೆ ಮಾಡಿಕೊಟ್ಟ ಅಕ್ಕ ದಾನೇಶ್ವರಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಬಂದಳು. ನಾನು ಗೇಟಿನಲ್ಲೇ ಎಲ್ಲ ಹೇಳಲು ತೊಡಗಿದರೆ, "ನೀ ಸುಮ್ಮನಿರು, ನಿಂದು ಕೇಳಿದ್ರ ನಗೂ ಬರತೈತಿ" ಎಂದು ಒಳಗೆ ಹೋಗಿ ಅವ್ವನ ನಾಲಿಗೆ ಮುಟ್ಟಿ ನೋಡಿ ಬಂದಳು. ನಗು ಬಂದವಳ ಮುಖವಾಗಿರಲಿಲ್ಲ ಅದು. ನೇರ ಬೇವಿನ ಮರದ ಕೆಳಗೆ ಹೋಗಿ ಅಪ್ಪನ ಮುಂದೆ ನಿಂತಳು.

"ಅಪ್ಪಾ, ನೀರು ಕಟ್ ಯಾವಾಗ ಮಾಡ್ತಿ?"

"ನೀನೂ ಮಸ್ಕಿರಿ ಮಾಡಾಕ ಬಂದೇನು?"

"ಕೇಳಿದ್ದು ಹೇಳು."

"ಹಣ್ಣು ತುಂಬಿದ ಮ್ಯಾಲ."

"ಏಪ್ರಿಲ್ದಾಗ ಬಳ್ಳಿ ಎಲ್ಲಾ ಕತ್ತರಿಸಿ ಛಾಟಣಿ ಮಾಡ್ತೀವಲ್ಲ, ಆವಾಗ ಮಾಡ್ತೀಯೇನು?"

"ಹುಚ್ಚಿ. ಛಾಟಣಿ ಆದ ಬಳ್ಳಿಗೆ ನೀರು ಕಟ್ ಮಾಡಿದ್ರ ಚಿಗುರು ಒಡ್ಯಂಗಿಲ್ಲ. ನಿಂತಲ್ಲೇ ಒಣಗತೈತಿ."

"ಅವ್ವನ ಮೈಮ್ಯಾಲ ಈಗ ಹಣ್ಣು ಎಲ್ಲೈತಿ? ಕರೋಶಿಯೊಳಗ ಜ್ವರ ಬಂದ ದಿನಽ ಛಾಟಣಿ ಆತು. ಬರೇ ಬುಡ ಉಳದೈತಿ."

ಅಪ್ಪ ಮೊದಲ ಸಲ ರಸ್ತೆಯಿಂದ ಕಣ್ಣು ಕಿತ್ತ. "ಮತ್ತ ಆ ಬಾವು? ಅಷ್ಟು ನೀರು?"

"ಕತ್ತರಿಸಿದ ಮ್ಯಾಲ ಕಡ್ಡಿ ತುದಿಲೆ ನೀರು ಸೋರತೈತಿ. ಬಳ್ಳಿ ಅಳಾಕತ್ತೇತಿ ಅಂತ ನೀನಽ ಅಂತಿದ್ದಿ. ಅಳತೈತಿ ಅಂತ ಬೇರಿಗೆ ನೀರು ಬಿಡೂದು ನಿಲ್ಲಸ್ತೀಯೇನು?"

ಅಪ್ಪ ಎದ್ದ. ಧೋತರ ಜಾಡಿಸಿಕೊಂಡ. ಒಳಗೆ ನಡೆದ. ಮನುಷ್ಯ ಬಳ್ಳಿಯಲ್ಲ ಎಂದು ಎರಡು ದಿನ ಗಂಟಲು ಹರಿದುಕೊಂಡವನು ನಾನು. ಮನುಷ್ಯ ಬಳ್ಳಿಯೇ, ಆದರೆ ಏಪ್ರಿಲ್ಲಿನದು ಎಂದು ಇವಳು ಎರಡು ನಿಮಿಷದಲ್ಲಿ ಮುಗಿಸಿದಳು. ಖುಷಿಪಡಬೇಕಾದ ಹೊತ್ತಿನಲ್ಲಿ ನನಗೆ ಬೇವಿನ ಮರವನ್ನು ಒದೆಯಬೇಕೆನ್ನಿಸಿತು.

ಅಪ್ಪ ಚಮಚ ಹಿಡಿದು ಹಾಸಿಗೆಯ ಅಂಚಿಗೆ ಕೂತ. "ಬಾಯಿ ತಗಿ."

"ಅಂಕಿ ಏರಿತ್ತಲ್ರಿ," ಎಂದಳು ಅವ್ವ.

"ಹಂಗಾಮು ತಪ್ಪೇತಿ. ತಗಿ."

ಅವ್ವ ಬಾಯಿ ತೆರೆದಳು. ನಾನು ಲೋಟವನ್ನೇ ಎತ್ತಿ ಕೊಡಲು ಹೋದರೆ ಅಪ್ಪ ಕೈ ತಳ್ಳಿದ. "ಒಣಗಿದ ಬೇರಿಗೆ ಒಮ್ಮೆಲೆ ಬಿಡಬಾರ್ದು." ಒಂದು ಚಮಚ, ಆಮೇಲೆ ತಡೆದು ಇನ್ನೊಂದು. ಮಧ್ಯಾಹ್ನವೆಲ್ಲ ಹಾಗೇ ಕೂತಿದ್ದ. ಸಿಸ್ಟರ್ ನೀಲಮ ಎದ್ದೇಳಿ ಎಂದು ಹೇಳಲು ಬಂದವಳು, ಹೇಳದೆ ಒಂದು ಸ್ಟೂಲು ತಂದುಕೊಟ್ಟಳು. ನಾನು ನೆಲಕ್ಕೆ ಕೂತು ಮೂತ್ರದ ಚೀಲ ನೋಡುತ್ತಿದ್ದೆ. ಹೊತ್ತು ಇಳಿಯುವ ಮುಂಚೆ ನಳಿಗೆಯಲ್ಲಿ ಒಂದು ಹನಿ ಜಾರಿತು. ಅದರ ಹಿಂದೆ ಮತ್ತೊಂದು. ಬಣ್ಣ ನಿಧಾನಕ್ಕೆ ಚಹಾದಿಂದ ಜೇನಿಗೆ ಬಂತು. ಡಾಕ್ಟರು ಬಂದು ನೋಡಿ, ಮಿರಜದ ಮಾತು ಎತ್ತಲಿಲ್ಲ.

ಮರುದಿನದ ರಿಪೋರ್ಟು: ಕಿಡ್ನಿ ಸುಧಾರಿಸಿತ್ತು. ಅಲ್ಬುಮಿನ್ ಎರಡು ಪಾಯಿಂಟ್ ಒಂದು.

"ಇಳೀತು," ಎಂದ ಅಪ್ಪ.

"ಇದು ಖರೆ ಅಂಕಿ," ಎಂದರು ಡಾಕ್ಟರು. "ಮ್ಹಣಜೆ, ಬ್ಯಾನಿ ಎಷ್ಟು ಜೋರ ಇತ್ತು ಅಂತ ತೋರಸೂ ನಿಶಾನಿ ಅದು. ಬ್ಯಾನಿ ಹಿಂದ ಸರಿದ್ರ ಅದು ತಾನಾಗಿ ಏರ್ತದ, ವಾರಗಟ್ಲೆ ಹಿಡೀತದ. ನಿಶಾನಿ ಹಿಡಿದು ಜಗ್ಗಿದ್ರ ಬ್ಯಾನಿ ಹೋಗಂಗಿಲ್ಲ."

"ಹಂಗಂದ್ರ ವಾರ್ಡಿಗೆ?"

"ಕಿಡ್ನಿ ಪೂರಾ ಚಲೋ ಆಗ್ಲಿ. ಇನ್ನೊಂದು ನಾಕು ದಿನ ಇಲ್ಲೇ."

ಅಪ್ಪ ನನ್ನ ಮೇಲೆ ಕಣ್ಣು ಹಾಯಿಸಿದ. ನಾನು ಸುಮ್ಮನಿರಬಹುದಿತ್ತು. "ನಾ ಮೊದ್ಲಽ ಹೇಳಿದ್ದೆ" ಎಂದೆ.

"ನೀ ಆಡಿ ತೋರಿಸಿದಿ. ಹೇಳಲಿಲ್ಲ."



ಒಳಗೆ ಅವ್ವ ನಾಲ್ಕು ದಿನದ ಸುದ್ದಿ ಕೇಳಿ ಗೋಡೆಯ ಕಡೆ ಹೊರಳಿದ್ದಳು. ನನ್ನತ್ತ ನೋಡದೆ ಅಕ್ಕನಿಗೆ ಹೇಳಿದಳು. "ದಾನವ್ವಾ, ಆ ಕ್ವಾಣಗ ಹೇಳು, ಗಂಜಿ ತರ್ಲಿ ಅಂತ. ಹಸಿವಿ ಆಗೇತಿ. ನಿನ್ನಿ ರಾತ್ರಿ ತಂದದ್ದು ಹಳಸಿತ್ತು, ಬಿಸೀದು ನೋಡಿ ತರ್ಲಿ."

ಕ್ಯಾಂಟೀನಿಗೆ ಓಡಿದೆ. ಗಂಜಿ ಮುಗಿದಿದೆ, ಉಪ್ಪಿಟ್ಟು ಇದೆ ಎಂದರು. ಎದುರಿನ ಖಾನಾವಳಿಯಲ್ಲಿ ರೊಟ್ಟಿ ಇತ್ತು, ಅನ್ನ ಇನ್ನೂ ಬೆಂದಿರಲಿಲ್ಲ. ಅಂಚಿನ ಹೋಟೆಲಿನವನು ಮಿಸಳ್ ಕೊಡಲೇ ಎಂದ. ಬಿಸಿಲು ನೆತ್ತಿಗೇರುತ್ತಿತ್ತು. ಖಾಲಿ ಡಬ್ಬಿ ಹಿಡಿದು, ಚಿಕ್ಕೋಡಿಯಂಥ ಚಿಕ್ಕೋಡಿಯಲ್ಲಿ ಒಂದು ಬಟ್ಟಲು ಗಂಜಿ ಹುಡುಕುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.